ಅಪಘಾತದ ಫೈಲು ಕೈಗೆ ಬಂದಾಗ: ವಿಮಾ ಕಂಪನಿ ಪರ ಕಿರಿಯ ವಕೀಲರು ಮಾಡಬೇಕಾದ್ದೇನು?

ಬೆಂಗಳೂರಿನ ಸ್ಮಾಲ್ ಕಾಸಸ್ ಕೋರ್ಟಿನಲ್ಲಾಗಲಿ, ತಾಲ್ಲೂಕು ಕೇಂದ್ರದ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿನಲ್ಲಾಗಲಿ, ಎಂವಿಸಿ ಕೇಸು (ವಾಹನ ಅಪಘಾತದ ಪರಿಹಾರ ಕೋರಿದ ಅರ್ಜಿ) ಕೂಗಿದಾಗ ವಿಮಾ ಕಂಪನಿ ಪರವಾಗಿ ಎದ್ದು ನಿಲ್ಲುವವರು ಎಷ್ಟೋ ಸಲ ಆಫೀಸಿನ ಕಿರಿಯ ವಕೀಲರೇ. ಪ್ಯಾನೆಲ್‌ನಲ್ಲಿ ಹೆಸರಿರುವುದು ಸೀನಿಯರ್‌ರದ್ದು. ಫೈಲು ಓದಿ, ತಕರಾರು ಬರೆದು, ಪಾಟಿ ಸವಾಲು ಮಾಡುವುದು ಜೂನಿಯರ್. ಎದುರಿಗೆ ಗಂಡನನ್ನು ಕಳೆದುಕೊಂಡ ಹೆಂಗಸು ಇರುತ್ತಾಳೆ, ಕಾಲು ಮುರಿದುಕೊಂಡ ಗಾರೆ ಕೆಲಸದವನಿರುತ್ತಾನೆ. ಕೊಡಬೇಕಾದ ಹಣವನ್ನು ಬೇಗ ಗುರುತಿಸಿ ಕಂಪನಿಗೆ ಹೇಳುವುದು, ಕೊಡಬಾರದ್ದನ್ನು ಪುರಾವೆ ಹಾಕಿ ತಡೆಯುವುದು, ಎರಡೂ ಈ ವಕೀಲರ ಕೆಲಸವೇ. ಮೊದಲನೆಯದನ್ನು ಮರೆತವರು ಎರಡನೆಯದರಲ್ಲೂ ಕೋರ್ಟಿನ ನಂಬಿಕೆ ಗಳಿಸುವುದಿಲ್ಲ.

ಮೊದಲು ಪಾಲಿಸಿ, ಆಮೇಲೆ ಅರ್ಜಿ

ಫೈಲು ಬಂದ ಕೂಡಲೇ ಅರ್ಜಿ ಓದಲು ಕೂರುವುದು ಸಹಜ. ಅದನ್ನು ಪಕ್ಕಕ್ಕಿಟ್ಟು ಪಾಲಿಸಿ ತೆಗೆಯಿರಿ. ವಾಹನದ ನೋಂದಣಿ ಸಂಖ್ಯೆ, ಎಂಜಿನ್ ಮತ್ತು ಚಾಸಿ ಸಂಖ್ಯೆ ಹೊಂದುತ್ತವೆಯೇ ನೋಡಿ. ಅದು ಬರೀ ಮೂರನೇ ವ್ಯಕ್ತಿಯ ಹೊಣೆಯ ಪಾಲಿಸಿಯೋ, ಸ್ವಂತ ವಾಹನದ ಹಾನಿಯನ್ನೂ ಒಳಗೊಂಡ ಪ್ಯಾಕೇಜ್ ಪಾಲಿಸಿಯೋ ಗುರುತು ಹಾಕಿಕೊಳ್ಳಿ. ಗಾಯಗೊಂಡವರು ಬೈಕಿನ ಹಿಂಬದಿ ಸವಾರರಾಗಿದ್ದರೆ ಅಥವಾ ಖಾಸಗಿ ಕಾರಿನೊಳಗೆ ಕೂತಿದ್ದವರಾಗಿದ್ದರೆ ಇಡೀ ಕೇಸು ಈ ಒಂದು ವ್ಯತ್ಯಾಸದ ಮೇಲೆ ನಿಂತಿರುತ್ತದೆ. ಹೊಣೆಯ ಪಾಲಿಸಿ ಮಾತ್ರ ಇದ್ದರೆ ಹಿಂಬದಿ ಸವಾರರಿಗೆ ಕಂಪನಿ ಹೊಣೆಯಲ್ಲ ಎಂದು ತಿಲಕ್ ಸಿಂಗ್ ಪ್ರಕರಣದಲ್ಲಿ (2006) ಸುಪ್ರೀಂ ಕೋರ್ಟ್ ಹೇಳಿದೆ. ಪ್ಯಾಕೇಜ್ ಪಾಲಿಸಿಯಾದರೆ ಕಾರಿನೊಳಗಿದ್ದವರೂ ಅದರ ವ್ಯಾಪ್ತಿಗೆ ಬರುತ್ತಾರೆ ಎಂಬುದು ಬಾಲಕೃಷ್ಣನ್ ತೀರ್ಪಿನ (2013) ನಂತರ ಸ್ಪಷ್ಟವಾಗಿದೆ. ಪ್ಯಾಕೇಜ್ ಪಾಲಿಸಿ ಫೈಲಿನಲ್ಲಿಟ್ಟುಕೊಂಡು ‘ಒಳಗಿದ್ದವರಿಗೆ ನಾವು ಹೊಣೆಯಲ್ಲ’ ಎಂದು ತಕರಾರು ಬರೆಯುವವರು ಈಗಲೂ ಇದ್ದಾರೆ. ಅದರಿಂದ ಅರ್ಜಿದಾರರ ಕಾಲ ಹಾಳಾಗುತ್ತದೆ, ಕಂಪನಿಗೆ ಬಡ್ಡಿ ಬೆಳೆಯುತ್ತದೆ.

ಪಾಲಿಸಿ ಶುರುವಾದ ದಿನಾಂಕ ಮಾತ್ರವಲ್ಲ, ಗಂಟೆಯನ್ನೂ ನೋಡಿ. ಅಪಘಾತವಾದ ದಿನವೇ ಪಾಲಿಸಿ ಮಾಡಿಸಿದ ಪ್ರಕರಣಗಳು ಬರುತ್ತವೆ. ಅದರಲ್ಲಿ ಗಂಟೆ ಮುದ್ರಿತವಾಗಿದ್ದರೆ ರಕ್ಷಣೆ ಆ ಗಂಟೆಯಿಂದ ಶುರು. ಗಂಟೆ ಇಲ್ಲದಿದ್ದರೆ ಹಿಂದಿನ ಮಧ್ಯರಾತ್ರಿಯಿಂದ ಲೆಕ್ಕ. ಬೆಳಿಗ್ಗೆ ಡಿಕ್ಕಿ ಹೊಡೆದು ಮಧ್ಯಾಹ್ನ ಪ್ರೀಮಿಯಂ ಕಟ್ಟಿದವರ ಕೇಸಿನಲ್ಲಿ ಆ ಒಂದು ಸಾಲು ಎಲ್ಲವನ್ನೂ ನಿರ್ಧರಿಸುತ್ತದೆ.

ಪ್ರೀಮಿಯಂ ಚೆಕ್ ಬೌನ್ಸ್ ಆಗಿದ್ದರೆ ಇನ್ನಷ್ಟು ಎಚ್ಚರ ಬೇಕು. ಇದರಲ್ಲಿ ದಾರಿ ತೋರಿಸುವ ಎರಡು ತೀರ್ಪುಗಳೂ ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದವು. ದೇಡಪ್ಪ ಪ್ರಕರಣದಲ್ಲಿ (2008) ಕಂಪನಿ ಅಪಘಾತಕ್ಕೆ ಮೊದಲೇ ಪಾಲಿಸಿ ರದ್ದು ಮಾಡಿ ಮಾಲೀಕರಿಗೆ ತಿಳಿಸಿತ್ತು, ಹಾಗಾಗಿ ಹೊಣೆ ಇಲ್ಲವೆಂದಾಯಿತು. ಆದರೂ ಹಣ ಕೊಟ್ಟು ಮಾಲೀಕರಿಂದ ವಸೂಲಿ ಮಾಡಿಕೊಳ್ಳಿ ಎಂದು ಕೋರ್ಟ್ ತನ್ನ ವಿಶೇಷಾಧಿಕಾರ ಬಳಸಿ ಆದೇಶಿಸಿತು. ಲಕ್ಷ್ಮಮ್ಮ ಪ್ರಕರಣದಲ್ಲಿ (2012) ಬೆಂಗಳೂರಿನ ಬಸ್ ಅಪಘಾತ ನಡೆದದ್ದು 2004ರ ಮೇ 11ರಂದು, ಕಂಪನಿ ಪಾಲಿಸಿ ರದ್ದು ಮಾಡಿದ್ದು ಮೇ 13ರಂದು. ಎರಡು ದಿನ ತಡವಾದ್ದರಿಂದ ಕಂಪನಿಯೇ ಹೊಣೆ. ಆದ್ದರಿಂದ ಬ್ಯಾಂಕಿನ ಮೆಮೊ ಒಂದೇ ಸಾಲದು. ರದ್ದತಿ ಪತ್ರ, ಅದನ್ನು ಕಳಿಸಿದ ರಸೀದಿ, ತಲುಪಿದ ದಿನಾಂಕ ಮೂರನ್ನೂ ಕಂಪನಿಯಿಂದ ಬರಹದಲ್ಲೇ ಕೇಳಿ. ತಲುಪಿದ ಪುರಾವೆ ಇಲ್ಲವಾದರೆ ಆ ವಾದ ನಿಲ್ಲುವುದಿಲ್ಲ ಎಂದು ಅದೇ ವಾರ ತಿಳಿಸಿಬಿಡಿ.

ಪೊಲೀಸ್ ಕಾಗದ ಓದುವ ಕ್ರಮ

ಇನ್ನು ಘಟನೆಗೆ ಬನ್ನಿ. ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ದೋಷಾರೋಪಣ ಪಟ್ಟಿ ಇವಿಷ್ಟನ್ನೂ ಮೇಜಿನ ಮೇಲೆ ಹರಡಿಕೊಂಡು ಒಂದನ್ನೊಂದು ತಾಳೆ ನೋಡಿ. ನಕ್ಷೆಯಲ್ಲಿ ಮುಖಾಮುಖಿ ಡಿಕ್ಕಿ ಎಂದಿದ್ದು, ನಿರೀಕ್ಷಕರ ವರದಿಯಲ್ಲಿ ಹಿಂದಿನ ಬಂಪರ್ ಮಾತ್ರ ಜಖಂ ಎಂದಿದ್ದರೆ ಪಾಟಿ ಸವಾಲಿಗೆ ಮೊದಲ ಎಳೆ ಸಿಕ್ಕಿದಂತೆ. ದೋಷಾರೋಪಣ ಪಟ್ಟಿಯಲ್ಲಿ ಮೋಟಾರು ವಾಹನ ಕಾಯ್ದೆಯ 3ನೇ ಕಲಮಿನ ಜೊತೆ 181 ಸೇರಿದ್ದರೆ ಚಾಲಕನ ಬಳಿ ಪರವಾನಗಿ ಇರಲಿಲ್ಲ ಎಂದು ಪೊಲೀಸರೇ ಹೇಳಿದ್ದಾರೆ ಎಂದರ್ಥ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ಆಸ್ಪತ್ರೆಯ ಮೊದಲ ದಾಖಲೆಗೆ. ಗಾಯಾಳುವನ್ನು ತುರ್ತು ವಿಭಾಗಕ್ಕೆ ತಂದಾಗ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ ಪ್ರಕರಣಗಳ) ರಿಜಿಸ್ಟರಿನಲ್ಲಿ ‘ಏನಾಯಿತು’ ಎಂಬ ಒಂದೆರಡು ಸಾಲು ಬರೆಯುತ್ತಾರೆ. ‘ಬೈಕ್ ಸ್ಕಿಡ್ ಆಗಿ ಬಿದ್ದದ್ದು’ ಎಂದು ಅಲ್ಲಿದ್ದು, ಹದಿನೈದು ದಿನ ಬಿಟ್ಟು ಕೊಟ್ಟ ದೂರಿನಲ್ಲಿ ಕಾರೊಂದು ಬಂದು ಗುದ್ದಿತು ಎಂದಿದ್ದರೆ, ಇಲ್ಲದ ವಾಹನವನ್ನು ಕೇಸಿಗೆ ಸೇರಿಸಿರುವ ಶಂಕೆ ಬರುವುದು ನ್ಯಾಯವೇ. ಆದರೆ ದೂರು ತಡವಾಯಿತು ಎಂಬುದಷ್ಟನ್ನೇ ಹಿಡಿದು ವಾದಿಸಬೇಡಿ. ಮನೆಯವರು ಮೊದಲು ಆಸ್ಪತ್ರೆಗೆ ಓಡುತ್ತಾರೆ, ಠಾಣೆಗಲ್ಲ. ತಡವೊಂದೇ ಅರ್ಜಿ ವಜಾ ಮಾಡಲು ಕಾರಣವಾಗದು ಎಂದು ರವಿ ವಿರುದ್ಧ ಬದರೀನಾರಾಯಣ ತೀರ್ಪು (2011) ಹೇಳಿದೆ. ತಡದ ಜೊತೆಗೆ ಆಸ್ಪತ್ರೆಯ ದಾಖಲೆ ಬೇರೆ ಕಥೆ ಹೇಳುತ್ತಿದೆಯೇ ಎಂಬುದನ್ನು ನೋಡಬೇಕು. ಹೇಳುತ್ತಿದ್ದರೆ ಆಸ್ಪತ್ರೆಯ ದಾಖಲಾತಿ ವಿಭಾಗದ ಸಿಬ್ಬಂದಿಗೆ ಸಮನ್ಸ್ ಕಳಿಸಿ ಮೂಲ ರಿಜಿಸ್ಟರನ್ನೇ ತರಿಸಿ. ನಕಲು ಕೈಯಲ್ಲಿ ಹಿಡಿದು ‘ಇದರಲ್ಲಿ ಹೀಗಿದೆಯಲ್ಲ’ ಎಂದು ಅರ್ಜಿದಾರರನ್ನು ಕೇಳಿದರೆ ‘ನನಗೆ ಗೊತ್ತಿಲ್ಲ’ ಎನ್ನುತ್ತಾರೆ. ಅಲ್ಲಿಗೆ ಅದು ಮುಗಿಯಿತು.

ತಕರಾರು ಬರೆಯುವುದು

ಹಳೆಯ ಫೈಲಿನಿಂದ ನಕಲು ಮಾಡಿದ ತಕರಾರು ಎಂಬುದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಅಪಘಾತವೇ ಆಗಿಲ್ಲ, ಆಗಿದ್ದರೂ ನಮ್ಮ ವಾಹನವಲ್ಲ, ನಮ್ಮ ವಾಹನವಾದರೂ ಚಾಲಕನ ತಪ್ಪಿಲ್ಲ, ಪರವಾನಗಿ ಇಲ್ಲ, ಪರ್ಮಿಟ್ ಇಲ್ಲ ಎಂದು ಇಪ್ಪತ್ತು ಪ್ಯಾರಾ. ಅದರ ಬದಲು ಈ ಕೇಸಿನಲ್ಲಿ ನಿಜವಾಗಿ ಎತ್ತಬಹುದಾದ ಒಂದೋ ಎರಡೋ ಅಂಶವನ್ನು ದಿನಾಂಕ, ಸಂಖ್ಯೆ ಸಮೇತ ಬರೆಯಿರಿ.

ಯಾವ ಕಲಂ ಅನ್ವಯವಾಗುತ್ತದೆ ಎಂಬುದಕ್ಕೆ ಅಪಘಾತದ ದಿನಾಂಕ ನೋಡಿ. 2019ರ ತಿದ್ದುಪಡಿಯ ವಿಮಾ ಅಧ್ಯಾಯ ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಂದು. ಹಳೆಯ ಕಾಯ್ದೆಯಲ್ಲಿ ಕಂಪನಿಯ ಪ್ರತಿವಾದಗಳು 149ನೇ ಕಲಮಿನಲ್ಲಿದ್ದವು, ಈಗ 150ರಲ್ಲಿವೆ. ಕುಡಿದು ಓಡಿಸಿದ್ದೂ ಈಗ ಆ ಪಟ್ಟಿಯಲ್ಲಿದೆ. ಮಾಲೀಕರು ಕೋರ್ಟಿಗೆ ಬಾರದೆ ಎಕ್ಸ್ ಪಾರ್ಟಿ ಆದರೆ, ಅಥವಾ ಅರ್ಜಿದಾರರ ಜೊತೆ ಕೈಜೋಡಿಸಿದ್ದಾರೆ ಎನಿಸಿದರೆ, 170ನೇ ಕಲಮಿನಡಿ ಐ.ಎ. (ಮಧ್ಯಂತರ ಅರ್ಜಿ) ಹಾಕಿ ಎಲ್ಲ ಅಂಶಗಳ ಮೇಲೂ ಹೋರಾಡಲು ಅನುಮತಿ ಪಡೆಯಿರಿ. ಕಂಪನಿಯನ್ನು ಅರ್ಜಿಯಲ್ಲೇ ಎದುರುದಾರರನ್ನಾಗಿ ಮಾಡಿದ್ದರೆ ಈ ಅನುಮತಿ ಬೇಕಿಲ್ಲ ಎಂದು ಶೀಲಾ ದತ್ತ ತೀರ್ಪು (2011) ಹೇಳಿದೆ. ಆದರೂ ಐ.ಎ. ಹಾಕಿಟ್ಟರೆ ಹೈಕೋರ್ಟಿನಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ.

ಇನ್ನೊಂದು ಮಾತು. ಮಾಲೀಕರ ವಕಾಲತ್ತನ್ನೂ ನೀವೇ ಹಾಕಿ ಎಂದು ಯಾರಾದರೂ ಹೇಳಿದರೆ, ಮಾಲೀಕರ ಮೇಲೆ ಪಾಲಿಸಿ ಷರತ್ತು ಮುರಿದ ಆರೋಪ ಇದೆಯೇ ನೋಡಿ. ಇದ್ದರೆ ಒಪ್ಪಲೇಬಾರದು. ಒಬ್ಬರ ಪರ ನಿಂತು ಅವರಿಂದಲೇ ವಸೂಲಿಗೆ ದಾರಿ ಮಾಡುವ ಕೆಲಸ ವಕೀಲಿಕೆಯಲ್ಲ.

ಪರವಾನಗಿಯ ವಾದ: ಹೊರೆ ನಿಮ್ಮ ಮೇಲೆ

ಚಾಲಕನಿಗೆ ಪರವಾನಗಿ ಇರಲಿಲ್ಲ ಎಂದು ಬರೆದ ಮಾತ್ರಕ್ಕೆ ಕಂಪನಿ ಪಾರಾಗುವುದಿಲ್ಲ. ಸ್ವರಣ್ ಸಿಂಗ್ ತೀರ್ಪಿನ (2004) ಪ್ರಕಾರ ಷರತ್ತು ಮುರಿದದ್ದನ್ನೂ, ಅದರಲ್ಲಿ ಮಾಲೀಕರ ನಿರ್ಲಕ್ಷ್ಯ ಇದ್ದದ್ದನ್ನೂ ಕಂಪನಿಯೇ ಸಾಬೀತು ಮಾಡಬೇಕು. ಹಾಗಾಗಿ ಕೆಲಸ ಬೇಗ ಶುರುವಾಗಬೇಕು. ಪರವಾನಗಿ ಹಾಜರುಪಡಿಸಿ ಎಂದು ಮಾಲೀಕರಿಗೂ ಚಾಲಕರಿಗೂ ರಿಜಿಸ್ಟರ್ ಅಂಚೆಯಲ್ಲಿ ನೋಟಿಸ್ ಕಳಿಸಿ, ಸ್ವೀಕೃತಿ ಚೀಟಿ ಜೋಪಾನ ಮಾಡಿ. ಆರ್‌ಟಿಒ ಕಚೇರಿಯಿಂದ ಉದ್ಧೃತ ಪ್ರತಿ ತರಿಸಿ, ಬೇಕಾದರೆ ಅಲ್ಲಿನ ಸಿಬ್ಬಂದಿಯನ್ನು ಸಾಕ್ಷಿಯಾಗಿ ಕರೆಸಿ. ಕಂಪನಿಯ ಅಧಿಕಾರಿ ಸಾಕ್ಷಿ ಹೇಳುವಾಗ ಪಾಲಿಸಿಯ ಕಂಪ್ಯೂಟರ್ ಪ್ರತಿಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇರಲಿ.

ಲಘು ವಾಹನದ ಪರವಾನಗಿ ಇಟ್ಟುಕೊಂಡು ಗೂಡ್ಸ್ ಆಟೊ ಓಡಿಸಿದ ಎಂಬ ಹಳೆಯ ವಾದವನ್ನು ಈಗ ಎತ್ತಬೇಡಿ. ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಪರವಾನಗಿಯಲ್ಲೇ ಓಡಿಸಬಹುದು ಎಂದು ಮುಕುಂದ್ ದೇವಾಂಗನ್ (2017) ಹೇಳಿದ್ದನ್ನು 2024ರ ನವೆಂಬರ್ 6ರಂದು ಸಂವಿಧಾನ ಪೀಠ ಎತ್ತಿಹಿಡಿದಿದೆ.

ಪುರಾವೆ ಗಟ್ಟಿಯಾಗಿದ್ದರೂ ಬಹುತೇಕ ಬರುವ ಆದೇಶ ‘ಕೊಟ್ಟು ವಸೂಲಿ ಮಾಡಿಕೊಳ್ಳಿ’ ಎಂದೇ. ಹಳೆಯ 149ನೇ ಕಲಮಿನಡಿ ಷರತ್ತು ಮುರಿದದ್ದು ರುಜುವಾತಾದರೂ ಕಂಪನಿ ಮೊದಲು ಪರಿಹಾರ ಕೊಡಬೇಕು ಎಂದು ಕರ್ನಾಟಕ ಹೈಕೋರ್ಟಿನ ಪೂರ್ಣ ಪೀಠ ಯಲ್ಲವ್ವ ಪ್ರಕರಣದಲ್ಲಿ (2020) ತೀರ್ಮಾನಿಸಿದೆ. ಇದನ್ನು ಕಂಪನಿಗೆ ಮೊದಲೇ ತಿಳಿಸಿ. ನಿರೀಕ್ಷೆ ತಪ್ಪಾಗಿದ್ದರೆ ರಾಜಿಗೆ ಬರುವ ಕಾಲವೂ ತಪ್ಪಿಹೋಗುತ್ತದೆ.

ಮೊತ್ತದ ಲೆಕ್ಕ ಮೊದಲ ತಿಂಗಳಲ್ಲೇ

ಎಷ್ಟು ಆಗಬಹುದು ಎಂಬ ಲೆಕ್ಕ ಸಾಕ್ಷಿ ಮುಗಿದ ಮೇಲೆ ಮಾಡುವುದಲ್ಲ. ಒಂದು ಉದಾಹರಣೆ ನೋಡಿ. ತೀರಿಕೊಂಡವರು 34 ವರ್ಷದ ಮೆಕ್ಯಾನಿಕ್, ತಿಂಗಳಿಗೆ 15,000 ರೂಪಾಯಿ ದುಡಿಮೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಪ್ರಣಯ್ ಸೇಠಿ ತೀರ್ಪಿನ (2017) ಪ್ರಕಾರ 40ರ ಒಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಏಳಿಗೆಗಾಗಿ ಶೇ 40 ಸೇರಿಸಬೇಕು, ಅಲ್ಲಿಗೆ 21,000. ಅವಲಂಬಿತರು ನಾಲ್ವರಿರುವುದರಿಂದ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 15,750, ವರ್ಷಕ್ಕೆ 1,89,000. ಸರಳಾ ವರ್ಮಾ ತೀರ್ಪಿನ (2009) ಪಟ್ಟಿಯಲ್ಲಿ 31ರಿಂದ 35 ವಯಸ್ಸಿಗೆ ಗುಣಕ 16. ಗುಣಿಸಿದರೆ 30,24,000. ಪ್ರಣಯ್ ಸೇಠಿ ನಿಗದಿ ಮಾಡಿದ ಸಾಂಗತ್ಯ ನಷ್ಟದ (ಹತ್ತಿರದವರ ಒಡನಾಟ ಕಳೆದುಕೊಂಡದ್ದಕ್ಕೆ ಕೊಡುವ) 40,000ಕ್ಕೆ ಮೂರು ವರ್ಷಕ್ಕೊಮ್ಮೆ ಶೇ 10 ಏರಿಸುತ್ತಾ ಬಂದರೆ 48,400 ಆಗುತ್ತದೆ. ನಾಲ್ವರಿಗೂ ಅದು ಸಿಗುತ್ತದೆ. ಅಂತ್ಯಕ್ರಿಯೆಗೆ ಮತ್ತು ಆಸ್ತಿ ನಷ್ಟಕ್ಕೆ ತಲಾ 18,150. ಎಲ್ಲ ಸೇರಿ 32,53,900 ರೂಪಾಯಿ. ಶೇ 6ರ ಬಡ್ಡಿ ಹಾಕಿದರೂ ಒಂದು ವರ್ಷ ಎಳೆದದ್ದಕ್ಕೆ ಸುಮಾರು 1.95 ಲಕ್ಷ ಹೆಚ್ಚು. ಆದಾಯದ ಪುರಾವೆ ಇಲ್ಲದಿದ್ದಾಗ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ವರ್ಷವಾರು ಪಟ್ಟಿಯನ್ನು ಇಲ್ಲಿನ ಕೋರ್ಟುಗಳು ನೋಡುತ್ತವೆ. ‘ದಿನಕ್ಕೆ ಮುನ್ನೂರು ರೂಪಾಯಿ ದುಡಿಯುತ್ತಿದ್ದರು ಅಷ್ಟೆ’ ಎಂದು ವಾದಿಸುವ ಮೊದಲು ಆ ಪಟ್ಟಿ ತೆರೆಯಿರಿ.

ಗಾಯದ ಕೇಸಿನಲ್ಲಿ ನಿಜವಾದ ಕೆಲಸ ವೈದ್ಯರ ಪಾಟಿ ಸವಾಲಿನಲ್ಲಿದೆ. ಕೇಳಬೇಕಾದ್ದು ಹೆಚ್ಚೇನಿಲ್ಲ. ‘ಚಿಕಿತ್ಸೆ ಕೊಟ್ಟವರು ನೀವೇ ಏನು ಡಾಕ್ಟ್ರೇ? ಪರೀಕ್ಷೆ ಮಾಡಿದ ದಿನ ಎಕ್ಸ್-ರೇ ತೆಗೆಸಿದಿರಾ? ಮೂಳೆ ಕೂಡಿದೆಯೇ? ನೀವು ಹೇಳಿದ ಶೇಕಡಾವಾರು ಬರೀ ಬಲಗಾಲಿಗೋ, ಇಡೀ ದೇಹಕ್ಕೋ?’ ಕೊನೆಯ ಪ್ರಶ್ನೆಯ ಉತ್ತರ ದಾಖಲಾಗಲೇಬೇಕು. ಕಾಲಿಗೆ ಶೇ 30 ಎಂದಿದ್ದರೆ ಇಡೀ ದೇಹಕ್ಕೆ ಮೂರನೇ ಒಂದು ಪಾಲು, ಅಂದರೆ ಶೇ 10 ಎಂದು ಹಿಡಿಯುವ ರೂಢಿ ನಮ್ಮ ಕೋರ್ಟುಗಳಲ್ಲಿದೆ. ಅಲ್ಲಿಗೇ ನಿಲ್ಲಿಸಬೇಡಿ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು (2011) ಕೇಳುವುದು ಆ ಗಾಯದಿಂದ ಈ ಮನುಷ್ಯರ ದುಡಿಮೆ ಎಷ್ಟು ಕುಗ್ಗಿತು ಎಂಬುದನ್ನು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಗುಮಾಸ್ತರಿಗೂ, ಸಾರುವೆ ಹತ್ತುವ ಗಾರೆಯವರಿಗೂ ಮುರಿದ ಕಾಲು ಒಂದೇ ಅಲ್ಲ. ಗಾರೆಯವರು ಇನ್ನು ಸಾರುವೆ ಹತ್ತಲಾರರು ಎಂದು ಗೊತ್ತಾದರೆ ಅದನ್ನು ಕಂಪನಿಗೆ ಬರೆಯುವ ವರದಿಯಲ್ಲಿ ಮುಚ್ಚಿಡಬೇಡಿ.

ಎದುರು ಪಕ್ಷದವರದ್ದೂ ತಪ್ಪಿದೆ ಎಂಬ ವಾದಕ್ಕೂ ಕಾರಣ ಬೇಕು. ಬೈಕಿನಲ್ಲಿ ಮೂವರಿದ್ದರು ಎಂಬುದಷ್ಟೇ ಸಾಲದು, ಅಪಘಾತ ಆಗಲು ಅಥವಾ ಪೆಟ್ಟು ಹೆಚ್ಚಲು ಅದು ಕಾರಣವಾಯಿತೇ ಎಂಬುದನ್ನು ತೋರಿಸಬೇಕು. ಮೊಹಮ್ಮದ್ ಸಿದ್ದೀಕ್ ತೀರ್ಪು (2020) ಓದಿಕೊಂಡೇ ಆ ಪ್ರಶ್ನೆ ಕೇಳಿ.

ಕಂಪನಿಗೆ ವರದಿ, ಲೋಕ ಅದಾಲತ್

ಇಷ್ಟಾದ ಮೇಲೆ ಎರಡು ಪುಟದ ಅಭಿಪ್ರಾಯ ಬರೆದು ಸೀನಿಯರ್‌ಗೆ ತೋರಿಸಿ ಕಂಪನಿಗೆ ಕಳಿಸಿ. ಹೊಣೆ ಇದೆಯೇ, ಯಾವ ಪ್ರತಿವಾದಕ್ಕೆ ಏನು ಪುರಾವೆ, ಯಾವ ಮೊತ್ತಕ್ಕೆ ರಾಜಿ ಮಾಡಬಹುದು ಎಂಬುದನ್ನು ಅಡ್ಡಗೋಡೆಯ ಮೇಲೆ ದೀಪ ಇಡದೆ ಹೇಳಿ. ಲೋಕ ಅದಾಲತ್‌ಗೆ ಹೋಗುವಾಗ ಅನುಮತಿಯ ಪತ್ರ ಕೈಯಲ್ಲಿರಲಿ. ಅದಿಲ್ಲದೆ ಹೋದರೆ ಹಳ್ಳಿಯಿಂದ ಬಸ್ಸು ಹಿಡಿದು ಬಂದ ಕುಟುಂಬ ಸಂಜೆವರೆಗೆ ಬೆಂಚಿನ ಮೇಲೆ ಕೂತು ಬರಿಗೈಲಿ ವಾಪಸಾಗುತ್ತದೆ. ಇದು ಆಗಬಾರದು.

ಗ್ರಾಹಕ ಆಯೋಗಕ್ಕೆ ಹೋಗುವ ಸ್ವಂತ ವಾಹನ ಹಾನಿ ಮತ್ತು ಕಳವಿನ ಕೇಸುಗಳ ದಾರಿ ಬೇರೆಯೇ. ಇಲ್ಲಿ ಒಂದನ್ನಷ್ಟೇ ಹೇಳುವೆ: ಕಳವಾದ ಕೂಡಲೇ ಪೊಲೀಸರಿಗೆ ದೂರು ಕೊಟ್ಟಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದರು ಎಂಬ ಕಾರಣಕ್ಕೆ ಕ್ಲೇಮು ತಿರಸ್ಕರಿಸುವಂತಿಲ್ಲ ಎಂದು ಗುರ್‌ಶಿಂದರ್ ಸಿಂಗ್ ತೀರ್ಪು (2020) ಹೇಳಿದೆ.

ತೀರ್ಪಿನ ನಂತರ

ತೀರ್ಪು ಬಂದ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಮೇಲ್ಮನವಿಗೆ 90 ದಿನ ಅವಕಾಶ. 25,000 ರೂಪಾಯಿ ಅಥವಾ ಪರಿಹಾರದ ಅರ್ಧ, ಯಾವುದು ಕಡಿಮೆಯೋ ಅದನ್ನು ಠೇವಣಿ ಇಡಬೇಕು. ಈಗಿನ ಕಾಯ್ದೆಯಲ್ಲಿ ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಯೇ ಇಲ್ಲ. ಪರಿಹಾರವನ್ನು ಕೋರ್ಟಿಗೆ ಕಟ್ಟಲು ಇರುವುದು 30 ದಿನ, ತಡೆಯಾಜ್ಞೆ ಇಲ್ಲದೆ ಮೇಲ್ಮನವಿ ಹಾಕಿದ ಮಾತ್ರಕ್ಕೆ ಆ ಹೊಣೆ ನಿಲ್ಲದು.

ಕೊಟ್ಟು ವಸೂಲಿ ಮಾಡಿ ಎಂಬ ಆದೇಶವಾಗಿದ್ದರೆ ಹಣ ಕಟ್ಟಿದ ಮೇಲೂ ಫೈಲು ಮುಚ್ಚಬೇಡಿ. ಮಾಲೀಕರ ಮೇಲೆ ಬೇರೆ ದಾವೆ ಹೂಡಬೇಕಿಲ್ಲ, ಅಮಲ್ಜಾರಿ ಕೋರ್ಟಿನಲ್ಲೇ ವಸೂಲಿ ಮಾಡಿಕೊಳ್ಳಬಹುದು ಎಂದು ನಂಜಪ್ಪನ್ ಪ್ರಕರಣದಲ್ಲಿ (2004) ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೆ ಮಾಲೀಕರ ಈಗಿನ ವಿಳಾಸ, ವಾಹನದ ನೋಂದಣಿ ವಿವರ ಬೇಕಾಗುತ್ತದೆ. ಪರವಾನಗಿಯ ನೋಟಿಸ್ ಕಳಿಸುವಾಗಲೇ ಅವನ್ನು ಫೈಲಿನ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.