ಹೊಸ ಕಟ್ಟಡದಲ್ಲಿ ಕ್ಲಾಸ್ ಇದೆಯಾ? ಹತ್ತು ನಿಮಿಷ ಮೊದಲೇ ಬನ್ನಿ

ವಿಜಯಪುರದ ಒಂದು ಬಿಬಿಎ ಕಾಲೇಜಿನಲ್ಲಿ ನಾನು ಲ್ಯಾಬ್ ಅಸಿಸ್ಟೆಂಟ್. ಹೊಸ ಕಟ್ಟಡದ ಪ್ರತಿ ಕೋಣೆಯಲ್ಲೂ ಪ್ರೊಜೆಕ್ಟರ್, ಸ್ಪೀಕರ್ ಇವೆ. ಅವು ಬಂದಾಗಿನಿಂದ ಪಾಠ ಮಾಡುವವರಿಂದ ನನಗೆ ಫೋನೂ ಜಾಸ್ತಿ. "ಪರದೆ ಮೇಲೆ ಏನೂ ಬರ್ತಿಲ್ಲ, ಲಗೂ ಬಾ." ನಾನು ಮೂರನೇ ಮಹಡಿ ಹತ್ತುವಷ್ಟರಲ್ಲಿ ಅರ್ಧ ಹುಡುಗರು ಕ್ಯಾಂಟೀನ್ ಸೇರಿರುತ್ತಾರೆ.

ಮೊದಲು ಎಚ್‌ಡಿಎಂಐ ಕೇಬಲ್ (ಚಿತ್ರ, ಧ್ವನಿ ಒಯ್ಯುವ ತಂತಿ) ಲ್ಯಾಪ್‌ಟಾಪಿಗೆ ಚುಚ್ಚಿ, ಆಮೇಲೆ ಪ್ರೊಜೆಕ್ಟರ್ ಹಾಕಿ. ಅದರೊಳಗಿನ ದೀಪ ಕಾಯಲು ಸ್ವಲ್ಪ ಹೊತ್ತು ಬೇಕು. ಚಿತ್ರ ಬರಲಿಲ್ಲ ಅಂತ ಕೇಬಲ್ ಎಳೆದಾಡಬೇಡಿ. ರಿಮೋಟಿನಲ್ಲಿ 'ಸೋರ್ಸ್' ಒತ್ತಿ ಎಚ್‌ಡಿಎಂಐ ಆರಿಸಿ. ಆಗಲೂ ಬರದಿದ್ದರೆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಮತ್ತು 'ಪಿ' ಒಟ್ಟಿಗೆ ಒತ್ತಿ, 'ಡೂಪ್ಲಿಕೇಟ್' ಆರಿಸಿ. 'ಎಕ್ಸ್‌ಟೆಂಡ್' ಇದ್ದರೆ ನಿಮ್ಮ ಪಾಠ ನಿಮ್ಮ ಮುಂದೆಯೇ ಉಳಿಯುತ್ತದೆ. ಒಬ್ಬ ಮೇಡಂ ಬ್ಯಾಲೆನ್ಸ್ ಶೀಟ್ ಬಿಡಿಸಿ ಹೇಳುತ್ತಿದ್ದರು. ಹುಡುಗರು ಪರದೆ ಮೇಲೆ ಅವರ ಮಗನ ಜವಳದ ಫೋಟೋ ನೋಡುತ್ತಿದ್ದರು!

ಚಿತ್ರ ಬಂತು, ಧ್ವನಿ ಇಲ್ಲವೇ? ಎಚ್‌ಡಿಎಂಐ ಚುಚ್ಚಿದರೆ ಧ್ವನಿಯೂ ಅದರ ಹಿಂದೆ ಪ್ರೊಜೆಕ್ಟರಿಗೆ ಹೋಗುತ್ತದೆ. ಲ್ಯಾಪ್‌ಟಾಪ್ ಪರದೆಯ ಕೆಳಗಿನ ಮೂಲೆಯ ಸ್ಪೀಕರ್ ಗುರುತು ಒತ್ತಿ, ಗೋಡೆಯ ಸ್ಪೀಕರ್ ಆಯ್ಕೆ ಮಾಡಿ.

ಈಗ ನನ್ನ ಹೊಟ್ಟೆ ಉರಿಸುವ ವಿಷಯ. ಕ್ಲಾಸ್ ಮುಗಿಯಿತು ಅಂತ ಗೋಡೆಯ ಸ್ವಿಚ್ ಆಫ್ ಮಾಡಿ ಹೊರಡಬೇಡಿ. ರಿಮೋಟಿನ ಪವರ್ ಬಟನ್ ಎರಡು ಸಲ ಒತ್ತಿ, ಒಳಗಿನ ಫ್ಯಾನ್ ತಾನಾಗಿ ನಿಲ್ಲುವ ತನಕ ತಡೆಯಿರಿ. ಸುಮ್ನೆ ಆ ಹೊತ್ತಿನಲ್ಲಿ ಹಾಜರಿ ತೆಗೆದುಕೊಳ್ಳಿ. ನಮ್ಮ ಊರಿನ ಏಪ್ರಿಲ್ ಬಿಸಿಲೇ 40 ಡಿಗ್ರಿ, ದೀಪದ ಕಾವು ಬೇರೆ. ಫ್ಯಾನ್ ಹಠಾತ್ತಾಗಿ ನಿಂತರೆ ಬಿಸಿ ಒಳಗೇ ಕೂತು ದೀಪದ ಆಯುಷ್ಯ ತಿನ್ನುತ್ತದೆ. ಹೀಗೇ ಒಂದು ದೀಪ ಹೋಗಿ, ಹೊಸದು ಬರುವ ತನಕ ಆ ಕೋಣೆಯಲ್ಲಿ ಚಾಕ್‌ಪೀಸೇ ಗತಿಯಾಯಿತು. ಕರೆಂಟ್ ಹೋಗಿ ಬಂದಾಗಲೂ ಅಷ್ಟೇ, ತಕ್ಷಣ ಬಟನ್ ಒತ್ತಬೇಡಿ. ಬಿಸಿ ದೀಪ ಹೊತ್ತಿಕೊಳ್ಳುವುದಿಲ್ಲ. ಎರೆ ಹೊಲದ ದೂಳು ತುಂಬಿದ ಫಿಲ್ಟರ್ ಸ್ವಚ್ಛ ಮಾಡುವುದು ನನ್ನ ಕೆಲಸ, ಅದಕ್ಕೆ ಕೈ ಹಾಕಬೇಡಿ.

ಸೆಮಿನಾರ್ ಹಾಲಿನಲ್ಲಿ ಕಿಟಕಿಯ ಪರದೆಗಳನ್ನೆಲ್ಲ ಎಳೆಯಿರಿ, ಬಟ್ಟೆ ಧ್ವನಿ ಹೀರುತ್ತದೆ. ಮಾತು ಮತ್ತೆ ಮತ್ತೆ ತಿರುಗಿ ಬರುವುದು ಗೋಳಗುಮ್ಮಟದಲ್ಲಿ ಚಂದ, ಮಾರ್ಕೆಟಿಂಗ್ ಪಾಠದಲ್ಲಿ ಅಲ್ಲ. ಮೈಕ್ ಹಿಡಿದು ಸ್ಪೀಕರ್ ಮುಂದೆ ಹೋದರೆ ಕುಂಯ್ಯೆನ್ನುತ್ತದೆ.

ಇಷ್ಟಾದರೂ ಆಗಲಿಲ್ಲ ಅಂದರೆ ಫೋನ್ ಮಾಡಿ. ಒಂದೂವರೆಯಿಂದ ಎರಡರ ತನಕ ಮಾತ್ರ ಬೇಡ, ಆಗ ಕೈಯಲ್ಲಿ ರೊಟ್ಟಿ ಇರುತ್ತದೆ.