ಮಂಜಿನಲ್ಲಿ ಬೆಟ್ಟ ಇಳಿಯುವುದು ಹೇಗೆ?

ಕೊಡಗಿನ ಕಕ್ಕಬ್ಬೆ ಊರಲ್ಲಿ ಬಿಸಿಲಿದೆ ಅಂತ ತಡಿಯಂಡಮೋಳ್ ಬೆಟ್ಟದ ಮೇಲೂ ಬಿಸಿಲು ಇರಬೇಕೆಂದೇನಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 1,748 ಮೀಟರ್ ಎತ್ತರದ ಆ ತುದಿಯಲ್ಲಿ ಮಳೆ, ಮಂಜು ಎರಡೂ ಒಟ್ಟಿಗೆ ಬರುತ್ತವೆ. ಹತ್ತು ಹೆಜ್ಜೆ ಆಚೆಗೆ ಏನೂ ಕಾಣುವುದಿಲ್ಲ. ಆದರೂ ಹತ್ತುವುದು ಅಂಥ ಕಷ್ಟವಲ್ಲ. ಕಾಲುದಾರಿಗಳು ಮೇಲೆ ಹೋದಂತೆ ಒಂದಕ್ಕೊಂದು ಸೇರುತ್ತವೆ. ಇಳಿಯುವಾಗ ಅವೇ ದಾರಿಗಳು ಕವಲೊಡೆಯುತ್ತವೆ. ಜನ ದಾರಿ ತಪ್ಪುವುದು ಅಲ್ಲೇ.

1. ಹೊರಡುವ ಮುನ್ನ

ದಾರಿ ತೆರೆದಿದೆಯೇ, ಬುಕಿಂಗ್ ಬೇಕೇ ಎಂದು ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ. ಬೆಳಿಗ್ಗೆ ಬೇಗ ಹತ್ತಿ. ಮಧ್ಯಾಹ್ನ 12ಕ್ಕೆ ತುದಿ ಬಿಟ್ಟಿರಬೇಕು. ಈ ಕಾಲದ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೇ ಬರುವುದು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗೇ ಇದೆ. ತುದಿಗೆ ಇನ್ನು ಸ್ವಲ್ಪವೇ ಉಳಿದಿದ್ದರೂ ಸುಮ್ನೆ ವಾಪಸ್ ತಿರುಗಿ.

2. ಏನು ಹಾಕಬೇಕು

ಟೋಪಿ ಇರುವ ಮಳೆ ಜಾಕೆಟ್, ಬೇಗ ಒಣಗುವ ಪ್ಯಾಂಟ್. ಜೀನ್ಸ್ ಬೇಡ. ಅಂಗಡಿ ಮುಂದೆ ತೂಗುಹಾಕಿರುವ ತೆಳು ಪ್ಲಾಸ್ಟಿಕ್ ಪೊಂಚೊ ಬೇಡವೇ ಬೇಡ. ಹುಲ್ಲುಗಾವಲಿನ ಗಾಳಿಗೆ ಅದು ಮುಖಕ್ಕೆ ಬಡಿಯುತ್ತದೆ, ಕಾಲಿಡುವ ನೆಲವನ್ನೇ ಮುಚ್ಚುತ್ತದೆ. ಕೊನೆಗೆ ಹರಿದ ಚೂರುಗಳು ಪೊದೆಯಲ್ಲಿ ನೇತಾಡುತ್ತವೆ. ತೋಟದ ಕೆಲಸಕ್ಕೆ ಗಮ್‌ಬೂಟ್ ಸರಿ, ಒದ್ದೆ ಬಂಡೆಗೆ ಅಲ್ಲ. ಒಣಗಿದ ಒಂದು ಸ್ವೆಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಳ್ಳಿ. ಮೈ ಒದ್ದೆಯಾಗಿ ಗಾಳಿಯೂ ಬೀಸಿದರೆ ಕೊಡಗಿನಲ್ಲೂ ಹಲ್ಲು ಕಟಕಟಿಸುತ್ತದೆ.

3. ಹತ್ತುವಾಗಲೇ ಇಳಿಯುವ ತಯಾರಿ

ಬೆಟ್ಟದ ಬುಡದ ನಾಲ್ಕುನಾಡು ಅರಮನೆಯಿಂದ ಜೀಪ್ ದಾರಿ ಇರುವ ತನಕ ಚಿಂತೆಯಿಲ್ಲ. 1834ರಲ್ಲಿ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜ ಬ್ರಿಟಿಷರಿಂದ ತಪ್ಪಿಸಿಕೊಳ್ಳಲು ಬಂದದ್ದು ಈ ಅರಮನೆಗೇ. ಹೊರಗಿನವರಿಗೆ ಸುಲಭಕ್ಕೆ ದಾರಿ ಸಿಗದ ಜಾಗ ಅಂತ ತಾನೇ? ಜೀಪ್ ದಾರಿ ಮುಗಿದು ಹುಲ್ಲುಗಾವಲು ಶುರುವಾದ ಮೇಲೆ ಎಚ್ಚರವಾಗಿರಿ. ದನ ನಡೆದ ಜಾಡು, ಮಳೆನೀರು ಕೊರೆದ ಗೀರು ಎಲ್ಲವೂ ಅಲ್ಲಿ ದಾರಿಯಂತೆಯೇ ಕಾಣುತ್ತವೆ.

ಪ್ರತಿ ಕವಲಿನಲ್ಲೂ ನಿಂತು ಹಿಂದಕ್ಕೆ ತಿರುಗಿ ನೋಡಿ. ವಾಪಸ್ ಬರುವಾಗ ನಿಮಗೆ ಕಾಣುವುದು ಆ ನೋಟ. ಒಂದು ಬಂಡೆಯನ್ನೋ ಬಾಗಿದ ಮರವನ್ನೋ ಸೇರಿಸಿ ಫೋಟೊ ತೆಗೆಯಿರಿ, ಅದೂ ಹಿಂದಕ್ಕೆ ಮುಖ ಮಾಡಿ. ಮುಂದಿನ ನೋಟದ ಫೋಟೊ ಇನ್‌ಸ್ಟಾಗ್ರಾಮ್‌ಗೆ ಸಾಕು, ದಾರಿಗೆ ಸಾಲದು.

ನೆಟ್‌ವರ್ಕ್ ಹೋದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ. ಮ್ಯಾಪ್ ಮಾತ್ರ ಮನೆಯಲ್ಲೇ ಇಳಿಸಿಕೊಂಡಿರಬೇಕು. ಹತ್ತುವಾಗ ನಡೆದ ಜಾಡನ್ನು ರೆಕಾರ್ಡ್ ಮಾಡಿ. ಆದರೆ ಒದ್ದೆ ಬೆರಳಿಗೆ ಸ್ಕ್ರೀನ್ ಮಾತು ಕೇಳುವುದಿಲ್ಲ, ಅಲ್ವಾ? ಅದಕ್ಕೇ ಜೇಬಿನಲ್ಲೊಂದು ಸಣ್ಣ ದಿಕ್ಸೂಚಿ ಇರಲಿ. ಮ್ಯಾಗ್ನೆಟ್ ಇರುವ ಕವರ್ ಹಾಕಿದ ಫೋನಿನ ದಿಕ್ಸೂಚಿಯನ್ನಂತೂ ನಂಬಲೇಬೇಡಿ.

4. ತುದಿ ಬಿಡುವುದು

ಹೆಚ್ಚಿನವರು ಎಡವುವುದು ಇಲ್ಲಿ. ಮೇಲೆ ಬಂದ ಖುಷಿಗೆ ಸುತ್ತಾಡುತ್ತಾರೆ, ಸೆಲ್ಫಿಗೆ ನಾಲ್ಕು ದಿಕ್ಕಿಗೂ ತಿರುಗುತ್ತಾರೆ, ಆಮೇಲೆ ಕಣ್ಣಿಗೆ ಬಿದ್ದ ಮೊದಲ ಜಾಡು ಹಿಡಿಯುತ್ತಾರೆ. ಕೇರಳದ ಕಡೆಗೆ ಇಳಿಜಾರು ಕಡಿದಾಗಿದೆ. ಮಂಜಿನಲ್ಲಿ ಅದು ಎಷ್ಟು ಕಡಿದು ಅಂತ ಗೊತ್ತಾಗುವುದು ಕಾಲು ಜಾರಿದ ಮೇಲೆ.

ತುದಿಗೆ ಕಾಲಿಟ್ಟ ಕೂಡಲೇ ದಾರಿ ಮೇಲೆ ಬಂದ ಜಾಗದಲ್ಲಿ ಬ್ಯಾಗ್ ಇಡಿ. ಒಬ್ಬರು ಅಲ್ಲೇ ಕೂರಲಿ. ಇಳಿಯುವ ದಿಕ್ಕನ್ನು ಆಗಲೇ ದಿಕ್ಸೂಚಿಯಲ್ಲಿ ನೋಡಿಕೊಳ್ಳಿ. ಹೊರಟು 50 ಹೆಜ್ಜೆ ಆದ ಮೇಲೆ ಮತ್ತೊಮ್ಮೆ ನೋಡಿ. ಹೊಂದದಿದ್ದರೆ ಬ್ಯಾಗ್ ಇಟ್ಟ ಜಾಗಕ್ಕೇ ವಾಪಸ್.

ಮುಂದಿನ ಗುರುತು ಕಾಣದಿದ್ದರೆ ಹೀಗೆ ಮಾಡಿ. ಖಚಿತವಾಗಿ ಗೊತ್ತಿರುವ ಜಾಗದಲ್ಲಿ ಉಳಿದವರು ನಿಲ್ಲಲಿ. ಒಬ್ಬರು ಮಾತ್ರ ಮುಂದೆ ಹೋಗಲಿ, ಅವರು ಕಣ್ಣಿಗೆ ಕಾಣುವಷ್ಟು ದೂರ ಮಾತ್ರ. ಗುರುತು ಸಿಕ್ಕಿತೋ, ಕೂಗಿ ಕರೆಯಲಿ. ಸಿಗಲಿಲ್ಲವೋ, ವಾಪಸ್ ಬಂದು ಬೇರೆ ಕಡೆ ನೋಡಲಿ. ಎಲ್ಲರೂ ಒಂದೊಂದು ದಿಕ್ಕಿಗೆ ಹುಡುಕಲು ಹೋಗುವುದು ಮಾತ್ರ ಬೇಡ. ಹೀಗೆ ಇಳಿದರೆ ಹೊತ್ತು ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಏನೂ ಕಾಣದಿದ್ದರೆ, ಗುಡುಗೂ ಇಲ್ಲದಿದ್ದರೆ, ಹತ್ತು ನಿಮಿಷ ಸುಮ್ನೆ ನಿಲ್ಲಿ. ಗಾಳಿಗೆ ಮಂಜು ಸರಿದು ಎದುರಿನ ಬೆಟ್ಟದ ಸಾಲು ಒಂದು ಗಳಿಗೆ ಕಂಡರೂ ಸಾಕು.

ನೀರು ಹರಿಯುವ ಕಡೆ ಹೋದರೆ ಊರು ಸಿಗುತ್ತದೆ ಎನ್ನುವ ಬುದ್ಧಿವಂತರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಅವರ ಮಾತು ಕೇಳಬೇಡಿ. ನಮ್ಮ ಬೆಟ್ಟದ ತೋಡುಗಳು ಊರು ಸೇರುವ ಮೊದಲು ಎಲ್ಲೋ ಬಂಡೆಯಿಂದ ಧುಮುಕುತ್ತವೆ.

ಕತ್ತಲಾದರೆ ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದು ನೆಲಕ್ಕೆ ಬಿಡಿ. ಹಣೆಗೆ ಕಟ್ಟಿದ ದೀಪದ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಇಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಸೀಟಿ ಇರಲಿ. ಸಹಾಯ ಬೇಕಾದರೆ ಮೂರು ಸಲ ಊದಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಸಿಗ್ನಲ್ ಸಿಕ್ಕಿದರೆ ತುರ್ತು ಸಹಾಯದ 112ಕ್ಕೆ ಫೋನ್ ಮಾಡಿ.

5. ಜೀಪ್ ದಾರಿ ಸಿಕ್ಕ ಮೇಲೆ

ತಿರುವು ತಪ್ಪಿಸಲು ಅಡ್ಡದಾರಿ ಹಿಡಿಯಬೇಡಿ. ಕೆಸರಿನಲ್ಲಿ ಮಂಡಿ ತಿರುಚಿಕೊಳ್ಳುವುದು ಅಲ್ಲೇ. ಸಂಜೆಯಾಗಿದ್ದರೆ ಕಾಡು, ತೋಟದ ಅಂಚಿನಲ್ಲಿ ಮಾತು ನಿಲ್ಲಿಸಿ ಕಿವಿಗೊಡಿ. ಕೊಂಬೆ ಮುರಿಯುವ ಸದ್ದು ಕೇಳಿದರೆ ಆನೆ ಇರಬಹುದು. ಹಿಂದಕ್ಕೆ ಸರಿಯಿರಿ.

6. ಮನೆಗೆ ಬಂದು

ಜಿಗಣೆ ಹತ್ತಿದ್ದರೆ ಉಗುರಿನಿಂದ ಮೆಲ್ಲಗೆ ಸರಿಸಿ ಬಿಡಿಸಿ, ಸೋಪು ಹಾಕಿ ತೊಳೆಯಿರಿ. ಶೂ ಒಳಗೆ ಹಳೆ ಪೇಪರ್ ತುರುಕಿ ನೆರಳಿನಲ್ಲಿಡಿ. ಒಲೆ ಹತ್ತಿರ ಇಟ್ಟರೆ ಅಂಟು ಬಿಟ್ಟು ಸೋಲ್ ಬಾಯಿ ತೆರೆಯುತ್ತದೆ.