ಅಂಗಳದಲ್ಲೇ ದೈತ್ಯ ರೇಷ್ಮೆ ಪತಂಗ ನೋಡುವುದು ಹೇಗೆ?

ಮಲೆನಾಡಿನಲ್ಲಿ ಮನೆಯೋ ನೆಂಟರ ಮನೆಯೋ ಇದ್ದರೆ ಇವನ್ನು ನೋಡಲು ಕಾಡಿಗೇನೂ ಹೋಗಬೇಕಿಲ್ಲ. ರಾತ್ರಿ ಕಾಡಿಗೆ ಹೋಗಲು ಅರಣ್ಯ ಇಲಾಖೆ ಸುಮ್ನೆ ಬಿಡುವುದೂ ಇಲ್ಲ. ಒಂದು ಬಿಳಿ ಪಂಚೆ, ಹಗ್ಗ, ಬಲ್ಬು ಸಾಕು. ಹಳದಿ ಬಲ್ಬಿಗೆ ಪತಂಗ ಬರುವುದು ಕಡಿಮೆ, ಮರ್ಕ್ಯುರಿ ಬಲ್ಬು ಅಥವಾ ಯುವಿ ಟ್ಯೂಬ್ ಹಾಕಿ, ಆದರೆ ಅದನ್ನೇ ದಿಟ್ಟಿಸಿ ನೋಡಬೇಡಿ. ಪಂಚೆಯನ್ನು ಮರಗಳಿರುವ ಕಡೆಗೆ ಮುಖ ಮಾಡಿ ಕಟ್ಟಿ. ಮುಂಗಾರಿನ ಆಸುಪಾಸಿನ ದಿನ, ಅಮಾವಾಸ್ಯೆಯ ಹತ್ತಿರ, ಗಾಳಿ ಇಲ್ಲದ ರಾತ್ರಿ ಆದರೆ ಒಳ್ಳೆಯದು.

ನಾನು ಮೊದಮೊದಲು ಹತ್ತು ಗಂಟೆಗೇ ದೀಪ ಆರಿಸಿ ಮಲಗುತ್ತಿದ್ದೆ. ದಡ್ಡತನ. ದೊಡ್ಡವು ಎಷ್ಟೋ ಸಲ ಬರುವುದೇ ನಡುರಾತ್ರಿಯ ಮೇಲೆ.

ಬಂದು ಕೂತಾಗ ಮೊದಲು ಮೀಸೆ ನೋಡಿ. ಜರಿಗಿಡದ ಎಲೆಯಂತೆ ಅಗಲವಾಗಿ ಹರಡಿದ್ದರೆ ಗಂಡು, ಹೆಣ್ಣಿನ ವಾಸನೆಯನ್ನು ದೂರದಿಂದಲೇ ಹಿಡಿಯುವುದು ಅದರಿಂದಲೇ. ಸಪೂರವಾಗಿದ್ದು ಹೊಟ್ಟೆ ದಪ್ಪಗಿದ್ದರೆ ಹೆಣ್ಣು. ಇನ್ನೂ ಹತ್ತಿರ ಹೋಗಿ ಬಾಯಿ ಹುಡುಕಿ, ತಿನ್ನುವಂಥ ಬಾಯಿಯೇ ಇರುವುದಿಲ್ಲ! ಕಂಬಳಿಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕಬೇಕು.

ಇನ್ನು ಗುರುತು ಹಿಡಿಯುವುದು. ಕೆಂಗಂದು ಬಣ್ಣ, ರೆಕ್ಕೆಯಲ್ಲಿ ಗಾಜಿನಂಥ ತ್ರಿಕೋನ ಕಿಟಕಿ, ತುದಿಯಲ್ಲಿ ಹಾವಿನ ತಲೆಯಂಥ ಆಕಾರ ಇದ್ದರೆ ಅಟ್ಲಾಸ್. ನಮ್ಮ ಕಡೆಯದು ಅಟ್ಟಾಕಸ್ ಟ್ಯಾಪ್ರೊಬಾನಿಸ್, ಈಶಾನ್ಯ ಭಾರತದ ಅಟ್ಟಾಕಸ್ ಅಟ್ಲಾಸ್ ಬೇರೆ. ತಿಳಿಹಸಿರು ರೆಕ್ಕೆ, ಉದ್ದ ಬಾಲ ಇದ್ದರೆ ಚಂದ್ರ ಪತಂಗ. ಆ ಬಾಲ ಬರೀ ಚಂದಕ್ಕಲ್ಲ, ಹಾರುವಾಗ ಅದು ತಿರುಚಿಕೊಳ್ಳುವುದರಿಂದ, ಪ್ರತಿಧ್ವನಿ ಹಿಡಿದು ಬೇಟೆಯಾಡುವ ಬಾವಲಿ ಮೈ ಬಿಟ್ಟು ಬಾಲಕ್ಕೆ ಬಾಯಿ ಹಾಕುತ್ತದೆ. ನಾಲ್ಕೂ ರೆಕ್ಕೆಯಲ್ಲಿ ಗುಂಡನೆ ಕಣ್ಣು, ಕಣ್ಣಿನ ನಡುವೆ ಪಾರದರ್ಶಕ ಚುಕ್ಕೆ ಇದ್ದರೆ ಟಸಾರ್ ಎಂಬ ಕಾಡುರೇಷ್ಮೆ ಕೊಡುವ ಜಾತಿಯದು. ಮತ್ತಿ ಮರದ ರೆಂಬೆಯಲ್ಲಿ ಕಾಯಿಯಂತೆ ತೊಟ್ಟಿನಲ್ಲಿ ನೇತಾಡುವ ಗಟ್ಟಿ ಗೂಡು ಕಂಡಿದ್ದರೆ ಅದೂ ಇದರದ್ದೇ. ಅಸ್ಸಾಮಿನ ಚಿನ್ನದ ಬಣ್ಣದ ಮೂಗಾ ರೇಷ್ಮೆ ಕೊಡುವುದೂ ಟಸಾರ್‌ನ ಹತ್ತಿರದ ಬಂಧು.

ಮುಟ್ಟಬೇಡಿ, ರೆಕ್ಕೆಯ ಹುಡಿ ಉದುರುತ್ತದೆ. ಫೋಟೋ ಆದ ಮೇಲೆ ಬೆಳಕು ಹರಿಯುವ ತನಕ ಕಾಯದೆ ದೀಪ ಆರಿಸಿ, ಇಲ್ಲದಿದ್ದರೆ ಬೆಳಿಗ್ಗೆ ಹಕ್ಕಿಗಳು ಮೈ ತಿಂದು ರೆಕ್ಕೆ ಮಾತ್ರ ಬಿಟ್ಟಿರುತ್ತವೆ. ಪಂಚೆ ತೆಗೆಯುವಾಗ ಎರಡೂ ಬದಿ ನೋಡಿ. ಕೆಲವು ಸಲ ಹೆಣ್ಣು ಅಲ್ಲೇ ಮೊಟ್ಟೆ ಇಟ್ಟಿರುತ್ತದೆ, ನೇರ ಒಗೆಯೋ ಬಕೆಟ್ಟಿಗೆ ಹಾಕಿಬಿಟ್ಟೀರಿ.